ಪಂಪಿನ ಪಕ್ಕದ ಹಾಸಿಗೆ

ಸ್ಯಾನ್ ಡಿಯೆಗೊ ಬಂದರಿನಲ್ಲಿ ಒಬ್ಬೊಬ್ಬ ಖಲಾಸಿಗೂ ಒಂದೊಂದು ಹೆಸರು. ಒಬ್ಬ ಕೊಕ್ಕೆ ಬೀಸಿದರೆ ಮೀನು ತಪ್ಪುವುದಿಲ್ಲ, ಇನ್ನೊಬ್ಬ ಹಾಕಿದ ಗಂಟು ಬಿಚ್ಚುವುದಿಲ್ಲ. ಅಮಾರೊ ವಿರಿಸಿಮೊ ಮಾತ್ರ ಮಲಗಿಕೊಂಡು ಹೆಸರು ಗಳಿಸಿದವನು. "ಅವನ ಹಾಗೆ ನಿದ್ದೆ ಮಾಡೋರು ಈ ದಡದಲ್ಲೇ ಇಲ್ಲ" ಎಂದು ಜನ ಹೇಳುತ್ತಿದ್ದರು. ಅದು ಬೈಗುಳವಲ್ಲ, ಹೊಗಳಿಕೆ.

'ಅಡೆಲಿನಾ' ಬೋಟಿನ ಹೊಟ್ಟೆಯೊಳಗೆ, ಪಂಪಿನ ಕೋಣೆಗೆ ಅಂಟಿದ ಗೋಡೆಯ ಪಕ್ಕ ಅವನ ಹಾಸಿಗೆ. ಗೋಡೆಯಾಚೆ ಕಡಲ ನೀರನ್ನು ಎಳೆದು ಡೆಕ್ಕಿನ ಮೇಲಿನ ತೊಟ್ಟಿಗಳಿಗೆ ತಳ್ಳುವ ಪಂಪುಗಳು, ಹಗಲು ರಾತ್ರಿ ಎನ್ನದೆ. ತೊಟ್ಟಿಗಳ ತುಂಬ ಜೀವಂತ ಬೂತಾಯಿ ಮೀನು, ಗಾಳಕ್ಕೆ ಸಿಕ್ಕಿಸುವ ಎರೆ. ಹವ್ಯಾಸಕ್ಕೆ ಗಾಳ ಹಾಕುವವರನ್ನು ಹತ್ತಿಸಿಕೊಂಡು ಮೆಕ್ಸಿಕೊದ ಕಡಲಿಗೆ ವಾರಗಟ್ಟಲೆ ಹೋಗುವ ಬೋಟಿಗೆ ಡೀಸೆಲ್ ಎಷ್ಟು ಮುಖ್ಯವೋ ಆ ಬೂತಾಯಿಯೂ ಅಷ್ಟೇ ಮುಖ್ಯ. ಗಾಳದಲ್ಲಿ ಅದು ಈಜಬೇಕು, ಒದ್ದಾಡಬೇಕು, ಆಗಲೇ ದೊಡ್ಡ ಟ್ಯೂನಾ ಮೇಲೆ ಬರುವುದು. ಪಂಪು ಗಾಳಿ ಕುಡಿಯಿತೋ, ನೀರು ನಿಂತಿತೋ, ಸ್ವಲ್ಪ ಹೊತ್ತಿನಲ್ಲೇ ತೊಟ್ಟಿ ಬಿಳಿಹೊಟ್ಟೆಯ ರಾಶಿ. ಹಾಗಾದಾಗ ಪಂಪಿನ ದನಿ ಏರುತ್ತದೆ, ಅಮಾರೊ ಏಳುತ್ತಾನೆ. ಇದು ಆ ಬೋಟಿನ ಕಾನೂನು.

ಒಂದು ಸಲ ಅಲಿಹೋಸ್ ಬಂಡೆಗಳ ಹತ್ತಿರ ಲೋಳೆಮೀನಿನ ಹಿಂಡು ಬೋಟಿನ ತಳಕ್ಕೆ ಅಡರಿಕೊಂಡಿತ್ತಂತೆ. ಪಂಪಿನ ದನಿ ಕೂದಲೆಳೆಯಷ್ಟು ಬದಲಾಯಿತಂತೆ. ಅಮಾರೊ ನಿದ್ದೆಯಲ್ಲೇ ಎದ್ದು, ನಿದ್ದೆಯಲ್ಲೇ ಹೋಗಿ ಕವಾಟ ತಿರುಗಿಸಿ ಬಂದು ಮಲಗಿದನಂತೆ. ಬೆಳಗ್ಗೆ ಕೇಳಿದರೆ "ಯಾರು, ನಾನಾ?" ಅಂದನಂತೆ. ಇದರಲ್ಲಿ ಅರ್ಧ ಕಟ್ಟುಕಥೆ, ನನಗೆ ಗೊತ್ತು. ಆದರೆ ಉಳಿದ ಅರ್ಧವೇ ಒಬ್ಬ ಮನುಷ್ಯ ತಲೆಯೆತ್ತಿ ನಡೆಯುವುದಕ್ಕೆ ಸಾಕಾಗಿತ್ತು.

ಬೇರೆ ಬೋಟುಗಳಲ್ಲಿ ಪಂಪು ಕೆಟ್ಟರೆ ಬಡಿದುಕೊಳ್ಳುವ ಅಲಾರಂ ಇದೆ. ಅಡೆಲಿನಾದಲ್ಲಿ ಇರಲಿಲ್ಲ. ಅಮಾರೊನ ಅಣ್ಣ ಸೆರಾಫಿಂ ಕ್ಯಾಪ್ಟನ್ ಆಗಿದ್ದ ಕಾಲದಲ್ಲಿ ಯಾರೋ ಅಲಾರಂ ಮಾರುವವನು ಬಂದಿದ್ದ. "ನನ್ನ ತಮ್ಮ ಇರೋ ಬೋಟಿಗೆ ಅಲಾರಮ್ಮಾ? ಅವನ ಮರ್ಯಾದೆ ಏನಾಗಬೇಕು?" ಎಂದು ಸೆರಾಫಿಂ ಅವನಿಗೆ ಒಂದು ಲೋಟ ವೈನ್ ಕುಡಿಸಿ ಸಾಗಹಾಕಿದ. ಸೆರಾಫಿಂ ತೀರಿಕೊಂಡ ಮೇಲೆ ಅವನ ಮಗ ಡ್ಯಾರೆನ್ ಕ್ಯಾಪ್ಟನ್ ಆದ. ಅವನೂ ಅಲಾರಂ ಹಾಕಿಸಲಿಲ್ಲ. ಚಿಕ್ಕಪ್ಪ ಇದ್ದಾರಲ್ಲ.

ಆ ಕಿವಿ ಹೋಯಿತು.

ಆಯುಷ್ಯವೆಲ್ಲ ಇಂಜಿನ್ನಿನ ಮಗ್ಗುಲಲ್ಲಿ ಮಲಗಿದವನ ಕಿವಿ ಹೋಗದೆ ಇನ್ನೇನಾಗುತ್ತದೆ? ಯಾವ ಸದ್ದು ಅವನಿಗೆ ಹೆಸರು ಕೊಟ್ಟಿತೋ ಅದೇ ಸದ್ದು ಅವನ ಕಿವಿಯನ್ನು ತಿಂದುಹಾಕಿತು. ಮೊದಲು ಹಕ್ಕಿಗಳು ಹೋದವು, ಆಮೇಲೆ ಟೆಲಿಫೋನು, ಆಮೇಲೆ ಹೆಂಡತಿ ಡಿಯೊಲಿಂಡಾ ಅಡುಗೆಮನೆಯಿಂದ ಕೂಗುವುದು. ಡಾಕ್ಟರು ಪರೀಕ್ಷೆ ಮಾಡಿ, ಒಳಗಿನ ನರ ಸತ್ತಿದೆ, ಔಷಧವಿಲ್ಲ, ಆಪರೇಷನ್ ಇಲ್ಲ ಎಂದು ಒಂದು ಕಿವಿಯಂತ್ರ ಬರೆದುಕೊಟ್ಟರು. ಅಮಾರೊ ಅದನ್ನು ಮನೆಯಲ್ಲಿ ಒಂದೆರಡು ಸಲ ಹಾಕಿಕೊಂಡ. ಚಮಚ ತಟ್ಟೆಗೆ ತಾಗಿದರೆ ತಲೆಯೊಳಗೆ ತಗಡು ಬಿದ್ದ ಹಾಗಾಗುತ್ತಿತ್ತು. ಡಿಯೊಲಿಂಡಾ ಸಂತರ ಪದಕ ಇಡುತ್ತಿದ್ದ ಪುಟ್ಟ ಡಬ್ಬಿಯಲ್ಲಿ ಅದನ್ನು ಹಾಕಿ ಮುಚ್ಚಿದ.

"ನೋಡು ಅಮಾರೊ, ಡ್ಯಾರೆನ್‌ಗೆ ಹೇಳಿಬಿಡು," ಎಂದಳು ಡಿಯೊಲಿಂಡಾ. ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ತುಟಿ ಕಾಣುವ ಹಾಗೆ ಹೇಳಿದಳು. "ಮಗು ಏನು ಹುಲಿಯಾ? ನೀನೇ ಎತ್ತಿ ಆಡಿಸಿದ ಹುಡುಗ."

"ಹೇಳ್ತೀನಿ. ಈ ಟ್ರಿಪ್ಪು ಮುಗೀಲಿ."

"ಹೋದ ಟ್ರಿಪ್ಪಿಗೂ ಇದೇ ಹೇಳಿದ್ದೆ."

"ಹೇಳಿದ್ರೆ ನನ್ನ ಏನು ಮಾಡ್ತಾನೆ ಹೇಳು? ಇಲ್ಲಿ ಕೂತು ನಾನು ಹೂಕುಂಡಕ್ಕೆ ನೀರು ಹಾಕ್ಲಾ?"

ಡಿಯೊಲಿಂಡಾ ಅಡುಗೆಮನೆಗೆ ಹೋದಳು. ಪ್ರತಿಸಲದ ಹಾಗೆ ಸಿಹಿ ಬ್ರೆಡ್ಡಿನ ಎರಡು ಗುಂಡು ಕಟ್ಟಿ ಚೀಲಕ್ಕೆ ಹಾಕಿದಳು, ಅದರ ಕೆಳಗೆ ಡಬ್ಬಿಯನ್ನೂ ತುರುಕಿದಳು.

ಬೋಟಿನ ಮೇಲೆ ಕಿವುಡನಾಗಿರುವುದು ದಡದ ಮೇಲಿನಷ್ಟು ಕಷ್ಟವಲ್ಲ. ಅಲ್ಲಿ ಎಲ್ಲರೂ ಕೂಗುವವರೇ, ಎಲ್ಲರೂ "ಆಂ?" ಅನ್ನುವವರೇ. ಅರ್ಧ ಮಾತು ಕೈಸನ್ನೆಯಲ್ಲೇ ಮುಗಿಯುತ್ತದೆ. ಕೊಕ್ಕೆ ಹಿಡಿದು ನಿಂತಾಗ ನೀರಿನ ಬಣ್ಣ ನೋಡಿದರೆ ಆಯಿತು. ಎಲ್ಲರ ಜತೆ ಓಡಬೇಕು, ಎಲ್ಲರೂ ನಕ್ಕಾಗ ನಗಬೇಕು. ಉಳಿದದ್ದು ಪಂಪು. ಅದಕ್ಕೆ ಅಮಾರೊ ಒಂದು ಉಪಾಯ ಕಂಡುಕೊಂಡಿದ್ದ. ಮಲಗುವಾಗ ಕಾಲುಚೀಲ ಬಿಚ್ಚಿ ಬರಿಯಂಗಾಲನ್ನು ಗೋಡೆಗೆ ಒತ್ತಿಟ್ಟುಕೊಳ್ಳುವುದು. ಪಂಪಿನ ನಡುಕ ಅಂಗಾಲಿಗೆ ಬರುತ್ತದೆ, ನಡುಕ ತಪ್ಪಿದರೆ ಎಚ್ಚರವಾಗುತ್ತದೆ. ಕಳೆದ ಸೀಸನ್ನಿನಲ್ಲಿ ಪಂಪು ಕೈಕೊಟ್ಟಾಗಲೆಲ್ಲ ಹಾಗೆಯೇ ಎಚ್ಚರವಾಗಿತ್ತು. ಕಿವಿ ಹೋದರೇನು, ಕಾಲಿದೆ ಎಂದು ಅವನು ಒಳಗೊಳಗೇ ಬೀಗಿದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತಿತ್ತು.

ಅವನ ಮೇಲಿನ ಹಾಸಿಗೆ ಅಡುಗೆಯ ಎಲಿಗಿಯೊನದು. ಮೆಕ್ಸಿಕೊದ ಎನ್ಸೆನಾಡಾದವನು, ಎತ್ತರವೂ ಅಗಲವೂ ಒಂದೇ ಆದ ಆಳು. ಅವನ ಮೇಲೆ ಅಮಾರೊನಿಗೆ ಒಂದೇ ದೂರು. ರಾತ್ರಿ ಎದ್ದು ಇಳಿಯುವಾಗ ಆನೆಕಾಲನ್ನು ನೇರವಾಗಿ ಅಮಾರೊನ ಮೊಣಕಾಲಿನ ಕೆಳಗೆ ಇಡುತ್ತಿದ್ದ.

"ನಿನ್ನ ಕಾಲಿಗೆ ಕಣ್ಣಿಲ್ವೇನೋ? ಮೆಟ್ಟಿಲು ಆ ಕಡೆ ಇದೆ!"

"ಸಕ್ಕರೆ ಕಾಯಿಲೆ ಕಣೋ," ಎಂದು ಎಲಿಗಿಯೊ ಕಿರುಬೆರಳು ಎತ್ತಿ ತೋರಿಸುತ್ತಿದ್ದ. "ಅವಸರ ಬಂದಾಗ ಮೆಟ್ಟಿಲು ಹುಡುಕ್ತಾ ಕೂರೋಕಾಗತ್ತಾ?" ಹಾಗೆ ಹೇಳಿದವನೇ ಕಾಫಿಗೆ ನಾಲ್ಕು ಚಮಚ ಸಕ್ಕರೆ ಸುರಿದುಕೊಂಡು ಕುಡಿಯುತ್ತಿದ್ದ. ಅಮಾರೊ ಅದನ್ನು ನೋಡಿಯೂ ನೋಡಲಿಲ್ಲ.

ಆ ಸಲದ ಪ್ರಯಾಣ ಉದ್ದದ್ದು. ಬಂದರಿನ ಬಾಯಿಯಲ್ಲಿ ಬೂತಾಯಿ ತುಂಬಿಸಿಕೊಂಡರು. ಅಮಾರೊ ಒಂದೊಂದು ಬುಟ್ಟಿಯನ್ನೂ ನಿಂತು ನೋಡಿ, ಮೂತಿ ಕೆಂಪಾದದ್ದನ್ನೂ ಹುರುಪೆ ಉದುರಿದ್ದನ್ನೂ ಬಿಟ್ಟು, ಒಳ್ಳೆಯದನ್ನೇ ಆರಿಸಿದ. ಸನ್‌ಸ್ಕ್ರೀನ್ ಬಳಿದ ಕೈಯನ್ನು ತೊಟ್ಟಿಯಲ್ಲಿ ಅದ್ದಿದರೆ ಕೈ ಕಡಿಯುತ್ತೇನೆ ಎಂದು ಎಲ್ಲರನ್ನೂ ಹೆದರಿಸಿದ. ಆಮೇಲೆ ದಕ್ಷಿಣಕ್ಕೆ ಓಟ. ಎರಡು ಮೂರು ದಿನ ಮಾಡುವುದಕ್ಕೆ ಕೆಲಸವಿಲ್ಲ. ಜನ ದಾರ ಕಟ್ಟುತ್ತಾರೆ, ಬಿಚ್ಚುತ್ತಾರೆ, ಮತ್ತೆ ಕಟ್ಟುತ್ತಾರೆ, ಹಿಂದಿನ ವರ್ಷದ ಸುಳ್ಳುಗಳನ್ನು ಇನ್ನಷ್ಟು ಉದ್ದ ಮಾಡುತ್ತಾರೆ. ಗಾರ್ಡೀನಾದಲ್ಲಿ ತೋಟದ ಕೆಲಸ ಮಾಡಿ ನಿವೃತ್ತರಾದ ಮುದುಕ ಇನೊಕುಚಿ ಕಂಬಿಗೆ ಒರಗಿ ಕುರ್ಚಿ ಹಾಕಿಕೊಂಡು ಬಿಸಿಲು ಕಾಯುತ್ತಿದ್ದರು. ಗಾಳದವರ ಪಟ್ಟಿಯಲ್ಲಿ ಪ್ರತಿವರ್ಷವೂ ಅವರದು ಒಂದನೇ ನಂಬರು. ಅವರು ಹಿಡಿದ ಮೀನಿನ ಕಿವಿರಿಗೆ ಒಂದು ಎಂದು ಬರೆದ ಚೀಟಿ ಚುಚ್ಚಿ, ಮೀನು ಕೆಡದಂತೆ ಇಡುವ ತಣ್ಣೀರಿನ ಕೋಣೆಗೆ ಬಿಡುವುದು ಅಮಾರೊನ ಹಕ್ಕು, ಬೇರೆಯವರು ಮುಟ್ಟುವ ಹಾಗಿಲ್ಲ. ಇನೊಕುಚಿಯವರ ಎರಡೂ ಕಿವಿಯಲ್ಲಿ ಯಂತ್ರವಿತ್ತು. ಅಲೆ ಹಾರಿದರೆ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದರು, ಅಷ್ಟೇ. ಅದನ್ನು ಕಂಡಾಗಲೆಲ್ಲ ಅಮಾರೊ ಮುಖ ತಿರುಗಿಸಿ ಹಗ್ಗ ಸುತ್ತುವ ನೆಪ ಮಾಡುತ್ತಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ.

ಮೀನಿರುವ ಜಾಗ ಮುಟ್ಟಿದ ಮೊದಲ ದಿನವೇ ಮಧ್ಯಾಹ್ನ ಟ್ಯೂನಾ ಎದ್ದಿತು. ಎಲಿಗಿಯೊ ಆಗಷ್ಟೇ ಬೀನ್ಸ್ ಕಾಳಿನ ದೊಡ್ಡ ಪಾತ್ರೆ ಇಳಿಸುತ್ತಿದ್ದ. ಮೇಲಿನಿಂದ "ಬಂತು!" ಎಂಬ ಕೂಗು ಕೇಳಿದ್ದೇ, ಊಟಕ್ಕೆ ಕೂತವರೆಲ್ಲ ತಟ್ಟೆ ಬಿಟ್ಟು ಎದ್ದರು. ಆ ಹೊತ್ತಿನಲ್ಲಿ ಅನ್ನವೂ ಬೇಡ, ಅಪ್ಪ ಅಮ್ಮನೂ ಬೇಡ. ಅವಸರದಲ್ಲಿ ಯಾರದೋ ಭುಜ ತಾಗಿ ಪಾತ್ರೆ ವಾಲಿತು, ಕುದಿಯುವ ಕಾಳು ಎಲಿಗಿಯೊನ ಮೊಣಕೈಯಿಂದ ಬೆರಳವರೆಗೆ ಇಳಿಯಿತು. ಅವನು ನೀರು ಸುರಿದುಕೊಂಡು, ಬಟ್ಟೆ ಸುತ್ತಿಕೊಂಡು, ಒಂದೇ ಕೈಯಲ್ಲಿ ರೊಟ್ಟಿಯೊಳಗೆ ಕಾಳು ಸುತ್ತಿ, ಗಾಳ ಹಿಡಿದು ನಿಂತವರ ಬಾಯಿಗೇ ಇಟ್ಟುಕೊಂಡು ಬಂದ. ಸಂಜೆಗೆ ಕೈ ಊದಿ ಬಾಳೆದಿಂಡಾಗಿತ್ತು. ಇನೊಕುಚಿ ತಮ್ಮ ಬೆನ್ನುನೋವಿನ ಮಾತ್ರೆಯ ಸೀಸೆ ತಂದರು.

"ಒಂದು ನುಂಗಿ ಮಲಕೊಳ್ಳಪ್ಪ. ಕುದುರೆಗೂ ನಿದ್ದೆ ಬರೋ ಮಾತ್ರೆ ಇದು."

ಎಲಿಗಿಯೊ ಬೇಡ ಎಂದು ತಲೆಯಾಡಿಸಿದ. ಎರಡು ಮೂರು ಸಲ ಬೇಡ ಎಂದ. ಆಮೇಲೆ ನೋವು ತಡೆಯಲಾರದೆ ನುಂಗಿದ. ನುಂಗುವ ಮೊದಲು ಅವನು ತನ್ನನ್ನು ಯಾಕೆ ಹಾಗೆ ದಿಟ್ಟಿಸಿ ನೋಡಿದ ಎಂದು ಅಮಾರೊನಿಗೆ ತಿಳಿಯಲಿಲ್ಲ. ಸುಮ್ಮನೆ ಅವನ ಬೆನ್ನು ತಟ್ಟಿ, ಅಂಗಾಲನ್ನು ಗೋಡೆಗೆ ಒತ್ತಿ ಮಲಗಿದ.

ಬೆಳಗಿನ ಮಬ್ಬಿನಲ್ಲಿ ಕಾಫಿ ಲೋಟ ಹಿಡಿದು ಡೆಕ್ಕಿಗೆ ಬಂದಾಗ ತೊಟ್ಟಿಯ ದೀಪದ ಸುತ್ತ ಜನ ನಿಂತಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ಇಲ್ಲವೇ, ಆಡುತ್ತಿದ್ದುದು ಅವನಿಗೆ ತಿಳಿಯಲಿಲ್ಲ. ಅವರು ಅವನಿಗೆ ದಾರಿ ಬಿಟ್ಟರು. ದೊಡ್ಡ ತೊಟ್ಟಿಯ ಮೇಲ್ಮೈಯಲ್ಲಿ ನೀರೇ ಕಾಣುತ್ತಿರಲಿಲ್ಲ. ಬೂತಾಯಿ, ಒಂದರ ಮೇಲೊಂದು, ಹೊಟ್ಟೆ ಮೇಲೆ ಮಾಡಿಕೊಂಡು. ಹಿಂದಿನ ತೊಟ್ಟಿಯಲ್ಲೂ ಅದೇ. ಬೇರೆ ಪಂಪಿಗೆ ಸೇರಿದ್ದ ಚಿಕ್ಕ ತೊಟ್ಟಿಯಲ್ಲಿ ಮಾತ್ರ ಮೀನು ಇನ್ನೂ ಸುತ್ತು ಹಾಕುತ್ತಿತ್ತು.

ಡ್ಯಾರೆನ್ ಅವನ ಎದುರಿಗೆ ಬಂದು ನಿಂತ. "ಚಿಕ್ಕಪ್ಪಾ, ತಳದಲ್ಲಿ ನೀರೆಳೆಯೋ ಬಾಯಿಗೆ ಪಾಚಿ ಸಿಕ್ಕೊಂಡಿತ್ತು. ಪಂಪು ಒಣಗಿ ಅರ್ಧ ರಾತ್ರಿಯಿಂದ ಕಿರುಚ್ತಾ ಇದೆ. ನಾನು ಏಣಿ ಇಳೀತಿದ್ದ ಹಾಗೇ ಕೇಳಿಸ್ತು. ನಿಮಗೆ ಕೇಳಿಸ್ಲಿಲ್ವಾ?"

ದೀಪದ ಬೆಳಕಿನಲ್ಲಿ ಅಮಾರೊ ಅಷ್ಟನ್ನೂ ತುಟಿಯಿಂದ ಓದಿಕೊಂಡ. ಆಗಲೇ ಹೇಳಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು.

"ನಿದ್ದೆ ಹತ್ತಿಬಿಡ್ತು," ಎಂದ.

"ನಿಮಗಾ?"

"ವಯಸ್ಸಾಯ್ತಲ್ಲಪ್ಪ. ನಿದ್ದೆ ಹತ್ತಿಬಿಡ್ತು."

ಕಾವಲಿಗೆ ಬಿಟ್ಟ ಮನುಷ್ಯ ನಿದ್ದೆ ಹೋದೆ ಎಂದು ಹೇಳುವುದು ಈ ಕಸುಬಿನಲ್ಲಿ ಮೂಗು ಕೊಯ್ದುಕೊಂಡ ಹಾಗೆ. ಆದರೂ ಅವನಿಗೆ ಸೋಮಾರಿ ಅನ್ನಿಸಿಕೊಳ್ಳುವುದೇ ಮೇಲು ಎನಿಸಿತು. ಸೋಮಾರಿಗೆ ನಾಳೆ ಬುದ್ಧಿ ಬರಬಹುದು. ಕಿವುಡನಿಗೆ ನಾಳೆ ಕಿವಿ ಬರುವುದಿಲ್ಲ.

ಅವನು ಬಲೆಬುಟ್ಟಿ ಎತ್ತಿಕೊಂಡು ತೊಟ್ಟಿಗೆ ಬಗ್ಗಿದ. ಸತ್ತದ್ದನ್ನು ಮೊಗೆದು ಕಡಲಿಗೆ ಚೆಲ್ಲಿದ, ಮತ್ತೆ ಮೊಗೆದ. ಬೆನ್ನ ಹಿಂದೆ ಏನೋ ಆಗುತ್ತಿದೆ ಎಂದು ಅವನಿಗೆ ಅನ್ನಿಸಿದ್ದು ಪಕ್ಕದವನ ನೆರಳು ಕದಲದೆ ನಿಂತದ್ದರಿಂದ. ತಿರುಗಿ ನೋಡಿದ. ಒಂದು ಮಾರು ದೂರದಲ್ಲಿ ಎಲಿಗಿಯೊ ನಿಂತಿದ್ದ, ಸುತ್ತಿದ ಕೈಯನ್ನು ಎದೆಗೆ ಹಿಡಿದುಕೊಂಡು, ಕಣ್ಣು ಕೆಂಪಾಗಿ. ಒಳ್ಳೆಯ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡಿದ್ದ. ಡ್ಯಾರೆನ್ ಒಮ್ಮೆ ಅವನನ್ನು, ಒಮ್ಮೆ ಚಿಕ್ಕಪ್ಪನನ್ನು ನೋಡುತ್ತಿದ್ದ.

"ಏನು?" ಎಂದ ಅಮಾರೊ.

ಡ್ಯಾರೆನ್ ಬಂದು ಅವನ ಕೈಯಿಂದ ಬಲೆಬುಟ್ಟಿಯನ್ನು ಮೆಲ್ಲಗೆ ತೆಗೆದುಕೊಂಡ.

ಆ ದಿನ ಬೂತಾಯಿಯನ್ನು ಪಡಿತರದ ಹಾಗೆ ಹಂಚಿದರು. ಒಬ್ಬೊಬ್ಬರಿಗೆ ಎಣಿಸಿ ಕೊಡುವುದು, ಕೊಟ್ಟದ್ದು ಸತ್ತರೆ ಕೈ ಕಟ್ಟಿ ನಿಲ್ಲುವುದು. ಕೆಳಗೆ ಮೀನು ಇತ್ತು. ಬೆಳ್ಳಗೆ ಮಿಂಚಿ ತಿರುಗಿ ಹೋಗುವುದು ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಜನರ ಬಾಯಿ ಬಿಚ್ಚಿತು. ವರ್ಷವಿಡೀ ಕಾಸಿಗೆ ಕಾಸು ಕೂಡಿಸಿ ಬಂದವರು, ಗೊಣಗದೆ ಏನು ಮಾಡುತ್ತಾರೆ? ಅಮಾರೊ ಕಂಬಿಯ ಉದ್ದಕ್ಕೂ ಕೊಕ್ಕೆ ಹಿಡಿದು ಓಡಾಡಿದ. ಎಳೆಯುವುದಕ್ಕೆ ಮೀನೇ ಇಲ್ಲದಿದ್ದಾಗ ಕೊಕ್ಕೆ ಹಿಡಿದವನಷ್ಟು ನಾಚಿಕೆಗೇಡು ಮನುಷ್ಯ ಬೋಟಿನ ಮೇಲೆ ಇನ್ನೊಬ್ಬನಿಲ್ಲ. ಅವರೆಲ್ಲ ತನ್ನ ಬೆನ್ನ ಹಿಂದೆ ಏನು ಹೇಳುತ್ತಿದ್ದಾರೆ ಎಂದು ಅವನಿಗೆ ಕೇಳಿಸುತ್ತಿರಲಿಲ್ಲ. ಅದೊಂದೇ ಪುಣ್ಯ ಎಂದುಕೊಂಡ, ಅಂದುಕೊಂಡದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಸಂಜೆ, ಊಟದ ತಟ್ಟೆಗಳೆಲ್ಲ ತೊಳೆದಾದ ಮೇಲೆ, ಎಲಿಗಿಯೊ ಅವನನ್ನು ಅಡುಗೆಕೋಣೆಯಲ್ಲಿ ಎದುರಿಗೆ ಕೂರಿಸಿಕೊಂಡ. ಡಿಯೊಲಿಂಡಾ ಮಾಡುತ್ತಿದ್ದ ಹಾಗೆಯೇ, ತುಟಿ ಬೆಳಕಿಗೆ ಹಿಡಿದು, ಒಂದೊಂದೇ ಮಾತನ್ನು ಬಿಡಿಸಿ ಆಡಿದ. ಅಷ್ಟರಿಂದಲೇ ಅಮಾರೊನಿಗೆ ಅರ್ಧ ಗೊತ್ತಾಯಿತು.

"ನಿನಗೆ ಯಾವತ್ತು ಗೊತ್ತಾಯ್ತು?"

"ಹೋದ ವರ್ಷ. ಹಿಂದಿನಿಂದ ನಿನ್ನ ಅಮ್ಮನ ಹೆಸರೆತ್ತಿ ಬೈದೆ, ನೀನು ತಿರುಗಿ ನೋಡ್ಲಿಲ್ಲ. ಆಗಲೇ ನನ್ನ ಎದೆ ಒಡೀತು."

"ಡೆಕ್ಕಿನ ಮೇಲೆ ಬೆಳಗ್ಗೆ ಏನು ಹೇಳ್ದೆ?"

ಎಲಿಗಿಯೊ ಮೇಜು ನೋಡಿದ. ಮತ್ತೆ ತಲೆಯೆತ್ತಿ ಹೇಳಿದ, "ನಿನ್ನ ಬೆನ್ನ ಹಿಂದೆ ನಿಂತು, 'ಕ್ಷಮಿಸೋ ಮಾರಾಯ, ಮಾತ್ರೆ ನುಂಗಿಬಿಟ್ಟೆ, ನಿನ್ನ ಒದ್ದು ಎಬ್ಬಿಸೋಕಾಗ್ಲಿಲ್ಲ' ಅಂದೆ. ಡ್ಯಾರೆನ್ ಅಲ್ಲೇ ಇದ್ದಾನೆ ಅನ್ನೋದು ತಲೆಗೆ ಹೊಳೀಲಿಲ್ಲ. ನೀನೂ ತಿರುಗ್ಲಿಲ್ಲ."

"ಒದ್ದು?"

"ಪಂಪು ಕೂಗಿದಾಗೆಲ್ಲ ಒದ್ದು ಇಳೀತಿದ್ನಲ್ಲ."

"ನಿನಗೆ ಸಕ್ಕರೆ ಕಾಯಿಲೆ..."

"ಎಲ್ಲಿಯ ಸಕ್ಕರೆ ಕಾಯಿಲೆಯೋ ನನಗೆ!"

ಅಮಾರೊ ತನ್ನ ಕಾಲು ನೋಡಿಕೊಂಡ. ಮೊಣಕಾಲಿನ ಕೆಳಗೆ, ಚರ್ಮ ಕಪ್ಪಾದ ಜಾಗ. ಒಂದು ವರ್ಷದಿಂದ ಬೀಗುತ್ತಿದ್ದ ಅಂಗಾಲು ಅವನನ್ನು ಒಮ್ಮೆಯೂ ಎಬ್ಬಿಸಿರಲಿಲ್ಲ. ಅದು ಗೋಡೆಗೆ ಒರಗಿ ಅವನ ಜತೆಗೇ ಗೊರಕೆ ಹೊಡೆಯುತ್ತಿತ್ತು. ಗೆಳೆಯನ ಮೇಲೆ ಕೋಪ ಮಾಡಿಕೊಳ್ಳಬೇಕೋ, ಕಾಲಿಗೆ ಬೀಳಬೇಕೋ ಅವನಿಗೆ ತಿಳಿಯಲಿಲ್ಲ. ಎರಡನ್ನೂ ಮಾಡದೆ, ಡಿಯೊಲಿಂಡಾಳ ಸಿಹಿ ಬ್ರೆಡ್ಡನ್ನು ಮುರಿದು ಅರ್ಧ ಎಲಿಗಿಯೊನ ಮುಂದಿಟ್ಟ. ಇಬ್ಬರೂ ತಿಂದರು.

ಮರುದಿನ ಡ್ಯಾರೆನ್ ಅವನನ್ನು ಮೇಲಕ್ಕೆ, ಚುಕ್ಕಾಣಿಯ ಕೋಣೆಗೆ ಕರೆದ. ಕ್ಯಾಪ್ಟನ್ನಿನ ಕುರ್ಚಿಯಿಂದ ಎದ್ದು, ಚಿಕ್ಕಪ್ಪನನ್ನು ಅದರಲ್ಲಿ ಕೂರಿಸಿ, ತಾನು ನೆಲದ ಮೇಲೆ ಮಂಡಿಯೂರಿ ಅವನ ಮುಖದ ಮಟ್ಟಕ್ಕೆ ಬಂದ. ಬೈದಿದ್ದರೆ ಚೆನ್ನಾಗಿತ್ತು.

"ಹೊರಡೋ ಮುಂಚೆ ಯಾರೋ ಬುಕಿಂಗ್ ರದ್ದು ಮಾಡಿದ್ರು, ಮುಂದಿನ ಕ್ಯಾಬಿನ್ ಖಾಲಿ ಇದೆ ಚಿಕ್ಕಪ್ಪಾ. ನೀವು ಅಲ್ಲಿ ಮಲಕೊಳ್ಳಿ. ಪಂಪಿನ ಕಾಟ ಇಲ್ಲ, ಇಂಜಿನ್ ಕಾಟ ಇಲ್ಲ. ನಿಶ್ಶಬ್ದವಾಗಿದೆ."

"ನಿಶ್ಶಬ್ದ," ಎಂದ ಅಮಾರೊ.

ಡ್ಯಾರೆನ್‌ನ ಮುಖ ಕೆಂಪಾಯಿತು. "ನಾನು ಹಾಗಂದದ್ದಲ್ಲ..."

"ಗೊತ್ತಪ್ಪ. ತೊಟ್ಟಿ ಯಾರು ನೋಡ್ತಾರೆ?"

"ಸರದಿ ಹಾಕ್ಕೋತೀವಿ. ಊರಿಗೆ ಹೋದ್ಮೇಲೆ..." ಡ್ಯಾರೆನ್ ಮಾತು ನುಂಗಿದ.

"ಅಲಾರಂ ಹಾಕಿಸು," ಎಂದು ಅಮಾರೊನೇ ಮುಗಿಸಿದ. "ನಿಮ್ಮಪ್ಪನ ಕಾಲದಲ್ಲೇ ಹಾಕಿಸ್ಬೇಕಿತ್ತು." ಹುಡುಗನ ತಲೆ ಸವರಿ ಎದ್ದ. ಹುಡುಗನಿಗೂ ತಲೆ ನರೆತಿತ್ತು, ಅದನ್ನು ಅವನು ಅವತ್ತೇ ಕಂಡದ್ದು. ಇಳಿಯುವಾಗ ಏಣಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಕಡಲು ಎಣ್ಣೆ ಹಾಕಿದ ಹಾಗೆ ಮಟ್ಟಸವಾಗಿತ್ತು.

ಮುಂದಿನ ಕ್ಯಾಬಿನ್ನಿನಲ್ಲಿ ಬಿಳಿ ಹಾಸು, ಓದುವ ದೀಪ, ಕಿಟಕಿ. ಅಮಾರೊ ಅಲ್ಲಿ ಮಲಗಿದ. ಅಭ್ಯಾಸಬಲದಿಂದ ಕಾಲು ಗೋಡೆ ಹುಡುಕಿತು. ಗೋಡೆ ಸತ್ತ ಹಾಗೆ ತಣ್ಣಗಿತ್ತು. ಅವನಿಗೆ ನಿದ್ದೆ ಬರಲಿಲ್ಲ. ನಿದ್ದೆಗೇ ಹೆಸರಾದವನಿಗೆ ಅವತ್ತೂ ಬರಲಿಲ್ಲ, ಮಾರನೆಯ ದಿನವೂ ಬರಲಿಲ್ಲ.

ವಾಪಸು ಉತ್ತರಕ್ಕೆ ಓಡುವಾಗ ಮತ್ತೆ ಯಾರಿಗೂ ಕೆಲಸವಿಲ್ಲ. ತಣ್ಣೀರಿನ ಕೋಣೆಯಲ್ಲಿ ಅರ್ಧಕ್ಕರ್ಧ ಜಾಗ ಖಾಲಿ. ಇನೊಕುಚಿ ಕಂಬಿಗೆ ಒರಗಿ ಕೂತಿದ್ದರು, ಅವರ ಪಾಲಿಗೆ ಆ ಸಲ ಒಂದೂ ಮೀನಿಲ್ಲ. ಅಮಾರೊ ಹತ್ತಿರ ಹೋದಾಗ ಅವರು ತಮ್ಮ ಕಿವಿಯನ್ನು ಬೆರಳಿಂದ ತಟ್ಟಿ, ಅವನ ಕಿವಿಯನ್ನು ತೋರಿಸಿ, ಹುಬ್ಬೆತ್ತಿದರು. ಊರಿಗೆಲ್ಲ ಗೊತ್ತಾದ ಮೇಲೆ ಇನ್ನು ಮುಚ್ಚಿಡುವುದು ಯಾರಿಂದ? ಅಮಾರೊ ಕ್ಯಾಬಿನ್ನಿಗೆ ಹೋಗಿ, ಚೀಲದ ತಳದಿಂದ ಡಬ್ಬಿ ತೆಗೆದು, ಬೋಟಿನ ಮೇಲೆ ಮೊದಲ ಸಲ ಕಿವಿಯಂತ್ರ ಹಾಕಿಕೊಂಡ.

ಅಲೆ ಕೇಳಿಸಿತು, ಕಾಗದ ಹರಿದ ಹಾಗೆ. ತನ್ನ ಉಸಿರು ಕೇಳಿಸಿತು. ಅವನು ಕೆಳಗಿಳಿದು ತನ್ನ ಹಳೆಯ ಹಾಸಿಗೆಯ ಹತ್ತಿರ ಹೋದ. ಯಾಕೆ ಹೋದ ಎಂದು ಕೇಳಬೇಡಿ. ಇಡೀ ಜೀವಮಾನ ಯಾವ ದನಿಯ ಪಕ್ಕ ಮಲಗಿದ್ದನೋ ಆ ದನಿಯನ್ನು ಇನ್ನೊಂದು ಸಲ ಕೇಳುವ ಆಸೆ, ಬೇರೇನಲ್ಲ. ಎಲಿಗಿಯೊ ಮೇಲಿನ ಹಾಸಿಗೆಯಲ್ಲಿ ಸುಟ್ಟ ಕೈಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದ. ಅಮಾರೊ ಹಾಸಿಗೆಯ ಅಂಚಿನ ಮೇಲೆ ಕೂತು ಕಾದ. ಕಿವಿಯ ತುಂಬ ಒಂದು ಕರ್ಕಶ ಸದ್ದು, ತಗಡನ್ನು ಗರಗಸದಲ್ಲಿ ಕೊಯ್ದ ಹಾಗೆ, ನಿಲ್ಲದೆ ಬರುತ್ತಿತ್ತು. ಅದರ ಹಿಂದೆ ಎಲ್ಲೋ ತನ್ನ ಪಂಪು ಇರಬೇಕು ಎಂದು ತಲೆ ವಾಲಿಸಿ ಹುಡುಕಿದ. ಸಿಗಲಿಲ್ಲ.

"ಎಲಿಗಿಯೊ, ಈ ದರಿದ್ರ ಸದ್ದು ಯಾವುದೋ? ಫ್ರಿಜ್ಜು ಕೆಟ್ಟಿದೆಯಾ? ಇದರಿಂದ ಪಂಪು ಕೇಳಿಸ್ತಾನೇ ಇಲ್ಲ."

ಎಲಿಗಿಯೊ ಮುಲಾಮಿನ ಡಬ್ಬಿ ಮುಚ್ಚಿ ಕೆಳಗಿಳಿದ. ಈ ಸಲ ಮೆಟ್ಟಿಲು ಹಿಡಿದು, ಯಾರನ್ನೂ ತುಳಿಯದೆ ಇಳಿದ. ಅಮಾರೊನ ಪಕ್ಕ ಕೂತ.

"ಅದೇ ಪಂಪು ಕಣೋ," ಎಂದ.